ಅಪ್ಪ ಓದಿದ ಕಾಲೇಜು

ಅಮೆರಿಕದ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಹೆಚ್ಚಿನ ಕಡೆ, ಅಪ್ಪನೋ ಅಮ್ಮನೋ ಅಲ್ಲೇ ಓದಿದವರಾದರೆ ಮಕ್ಕಳಿಗೆ ಸೀಟು ಸಿಗುವುದು ಸಲೀಸು. ಮುಚ್ಚುಮರೆಯ ವ್ಯವಹಾರವೇನೂ ಅಲ್ಲ. ತಂದೆತಾಯಿ ಎಲ್ಲಿ ಓದಿದರು ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಇಂಥ ಅಭ್ಯರ್ಥಿಗಳನ್ನು ‘ಲೆಗಸಿ’ ಎಂದು ಕರೆಯುವುದು ಅಲ್ಲಿನ ರೂಢಿ. ಕಾಲೇಜುಗಳು ಇದನ್ನು ತಲೆತಲಾಂತರದಿಂದ ಬಂದ ಸಂಪ್ರದಾಯವೆಂಬಂತೆ ಹೇಳಿಕೊಳ್ಳುತ್ತವೆ. ಇತಿಹಾಸ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಹಾರ್ವರ್ಡ್ ಶುರುವಾದದ್ದು 1636ರಲ್ಲಿ, ಯೇಲ್ 1701ರಲ್ಲಿ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಎಂಬ ನಿಯಮ ರೂಪುಗೊಂಡದ್ದು 1920ರ ದಶಕದಲ್ಲಿ, ಅದೂ ಬೇರೆ ಯಾರನ್ನೋ ಹೊರಗಿಡುವ ಗಡಿಬಿಡಿಯಲ್ಲಿ.

ಅದಕ್ಕೂ ಮೊದಲು ಮನೆತನಕ್ಕೆ ಬೆಲೆಯಿರಲಿಲ್ಲ ಎಂದೇನಲ್ಲ. ವಸಾಹತು ಕಾಲದ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಗಳ ಪಟ್ಟಿ ಬರೆಯುವಾಗ ನೋಡುತ್ತಿದ್ದುದು ತಂದೆಯ ಅಂತಸ್ತನ್ನು. ಮುಂದೆ ದೇಶದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್, ರೈತನ ಮಗ, 1755ರ ತನ್ನ ತಂಡದಲ್ಲಿ 14ನೆಯವನು. ಓದಿನಲ್ಲಿ ಅವನು ಎಷ್ಟು ಚುರುಕಾಗಿದ್ದ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. 1770ರ ದಶಕದ ಆರಂಭದ ಹೊತ್ತಿಗೆ ಈ ಪದ್ಧತಿ ನಿಂತುಹೋಯಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ವಂಶಕ್ಕಾಗಿ ಪ್ರತ್ಯೇಕ ನಿಯಮದ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ ಪೈಪೋಟಿಯೇ ಇರಲಿಲ್ಲ. ಕಾಲೇಜೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಪಾಸಾದವರಿಗೆಲ್ಲ ಸೀಟು. ಒಂದೆರಡು ವಿಷಯದಲ್ಲಿ ಹಿಂದೆ ಬಿದ್ದವರಿಗೂ ಆಮೇಲೆ ಬರೆದು ಮುಗಿಸುವ ಷರತ್ತಿನ ಮೇಲೆ ಪ್ರವೇಶ. ಪರೀಕ್ಷೆಗೆ ಲ್ಯಾಟಿನ್, ಗ್ರೀಕ್ ಬೇಕಿತ್ತು. ಅವೆರಡನ್ನೂ ಚೆನ್ನಾಗಿ ಕಲಿಸುತ್ತಿದ್ದುದು ಹಣವಂತರ ಮಕ್ಕಳಿಗೆಂದೇ ಇದ್ದ ಕೆಲವು ವಸತಿಶಾಲೆಗಳು. ಬಾಗಿಲು ತೆರೆದೇ ಇತ್ತು, ಅಲ್ಲಿಯ ತನಕ ಬರುವವರು ಮಾತ್ರ ಗುರುತಿನವರೇ.

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಈ ಲೆಕ್ಕ ತಪ್ಪಿತು. ಗ್ರೀಕ್ ಕಡ್ಡಾಯವೆಂಬ ನಿಯಮಗಳು ಸಡಿಲಗೊಂಡವು. ನ್ಯೂಯಾರ್ಕ್, ಬಾಸ್ಟನ್‌ಗಳಲ್ಲಿ ಒಳ್ಳೆಯ ಸರ್ಕಾರಿ ಹೈಸ್ಕೂಲುಗಳು ಎದ್ದವು. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು ಆ ಶಾಲೆಗಳಲ್ಲಿ ಓದಿ, ಪರೀಕ್ಷೆ ಬರೆದು, ಸಲೀಸಾಗಿ ಪಾಸಾಗತೊಡಗಿದರು. ನ್ಯೂಯಾರ್ಕ್ ನಗರದಲ್ಲೇ ಇದ್ದ ಕೊಲಂಬಿಯಾ ಕಾಲೇಜಿನಲ್ಲಿ 1920ಕ್ಕೆ ಮುಂಚೆಯೇ ಯಹೂದಿ ವಿದ್ಯಾರ್ಥಿಗಳ ಪಾಲು ಶೇ 40ರ ಆಸುಪಾಸಿಗೆ ಏರಿತ್ತು. ಹಾರ್ವರ್ಡ್‌ನಲ್ಲಿ 1922ರ ಹೊತ್ತಿಗೆ ಶೇ 21ನ್ನು ದಾಟಿತ್ತು.

ಹಾರ್ವರ್ಡ್‌ನ ಅಧ್ಯಕ್ಷ ಅಬಟ್ ಲಾರೆನ್ಸ್ ಲೊವೆಲ್ ಬಾಸ್ಟನ್ನಿನ ಹಳೆಯ ಕುಲೀನ ಮನೆತನದವರು. ಬೇಸಿಗೆ ಕಳೆಯುವ ಹೋಟೆಲಿಗೆ ಯಹೂದಿಗಳು ಬರತೊಡಗಿದರೆ ಕ್ರೈಸ್ತ ಗಿರಾಕಿಗಳು ಜಾಗ ಖಾಲಿ ಮಾಡುತ್ತಾರೆ, ಕೊನೆಗೆ ಹೋಟೆಲೇ ಹಾಳಾಗುತ್ತದೆ ಎಂಬ ವಾದವನ್ನು ಅವರು ಒಂದು ಪತ್ರದಲ್ಲಿ ಮುಂದಿಟ್ಟರು. ಕಾಲೇಜಿಗೂ ಅದೇ ಗತಿ ಬಂದೀತು ಎಂಬುದು ಅವರ ಆತಂಕ. 1922ರಲ್ಲಿ ಯಹೂದಿಗಳ ಸಂಖ್ಯೆಗೆ ಬಹಿರಂಗವಾಗಿ ಮಿತಿ ಹಾಕಬೇಕೆಂದರು. ಪತ್ರಿಕೆಗಳಲ್ಲಿ ಗಲಾಟೆಯಾಯಿತು; ಅಧ್ಯಾಪಕರ ಸಮಿತಿ ಮರುವರ್ಷ ಆ ಸಲಹೆಯನ್ನು ತಳ್ಳಿಹಾಕಿತು. ಆದರೆ ಕಚೇರಿಯ ಕೆಲಸ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. 1922ರ ಶರತ್ಕಾಲದ ಅರ್ಜಿ ನಮೂನೆಯಲ್ಲಿ ಹೊಸ ಪ್ರಶ್ನೆಗಳು ಕಾಣಿಸಿಕೊಂಡವು: ಜನಾಂಗ ಮತ್ತು ಬಣ್ಣ, ಧರ್ಮ, ತಾಯಿಯ ತವರಿನ ಹೆಸರು, ತಂದೆ ಹುಟ್ಟಿದ ಊರು. ಹುಟ್ಟಿದ ಮೇಲೆ ನಿಮ್ಮ ಅಥವಾ ನಿಮ್ಮ ತಂದೆಯ ಹೆಸರು ಬದಲಾಗಿದೆಯೇ, ಬದಲಾಗಿದ್ದರೆ ಪೂರ್ತಿ ವಿವರಿಸಿ ಎಂದೂ ಕೇಳಲಾಗಿತ್ತು. ಕಡತಗಳನ್ನು ವಿಂಗಡಿಸುವಾಗ ಮೂರು ಗುರುತುಗಳನ್ನು ಬಳಸಿದರು. ಖಚಿತವಾಗಿ ಯಹೂದಿ ಎಂದು ಗೊತ್ತಾದವರಿಗೆ ‘ಜೆ1’, ಬಹುಮಟ್ಟಿಗೆ ಹೌದು ಎನಿಸಿದವರಿಗೆ ‘ಜೆ2’, ಇರಬಹುದು ಎಂಬ ಅನುಮಾನ ಹುಟ್ಟಿಸಿದವರಿಗೆ ‘ಜೆ3’.

1926ರಲ್ಲಿ ಲೊವೆಲ್‌ಗೆ ಬೇಕಾದದ್ದು ಸಿಕ್ಕಿತು. ಮೊದಲ ವರ್ಷದ ತಂಡವನ್ನು ಒಂದು ಸಾವಿರಕ್ಕೆ ಸೀಮಿತಗೊಳಿಸಿದರು. ಅಂಕಗಳ ಜೊತೆಗೆ ‘ಚಾರಿತ್ರ್ಯ’ವನ್ನೂ ತೂಗುವುದೆಂದು ತೀರ್ಮಾನವಾಯಿತು. ಅರ್ಜಿಗೆ ಫೋಟೊ ಅಂಟಿಸುವುದು ಕಡ್ಡಾಯವಾಯಿತು. ಮಿತಿ ಎಂಬ ಪದ ಎಲ್ಲೂ ಬರಲಿಲ್ಲ. ಯಹೂದಿ ವಿದ್ಯಾರ್ಥಿಗಳ ಪಾಲು ಮಾತ್ರ ಮುಂದಿನ ವರ್ಷಗಳಲ್ಲಿ ಲೊವೆಲ್ ಬಯಸಿದ್ದ ಶೇ 15ರ ಹತ್ತಿರಕ್ಕೆ ಇಳಿಯಿತು. ಇಂದು ಅಮೆರಿಕದ ಕಾಲೇಜು ಅರ್ಜಿಯಲ್ಲಿ ಸಹಜವೆನಿಸುವ ಶಿಫಾರಸು ಪತ್ರ, ಸಂದರ್ಶನ, ಪಠ್ಯೇತರ ಚಟುವಟಿಕೆ, ವ್ಯಕ್ತಿತ್ವದ ಅಂದಾಜು ಇವುಗಳಿಗೆಲ್ಲ ತೂಕ ಬಂದದ್ದು ಈ ಅವಧಿಯಲ್ಲೇ ಎಂಬುದನ್ನು ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರ ‘ದಿ ಚೋಸನ್’ ಗ್ರಂಥದಲ್ಲಿ ಕಡತಗಳ ಸಮೇತ ತೋರಿಸಿದ್ದಾರೆ.

ಒಂದೊಂದೇ ಕಾಲೇಜಿನಲ್ಲಿ ಸೀಟುಗಳಿಗೆ ಮಿತಿ ಬೀಳುತ್ತಿದ್ದ ಹಾಗೆ ಇನ್ನೊಂದು ಕಡೆಯಿಂದ ಕೂಗೆದ್ದಿತು. ಪೈಪೋಟಿ ಶುರುವಾದರೆ ನಮ್ಮ ಮಕ್ಕಳ ಗತಿಯೇನು ಎಂದು ಹಳೆಯ ವಿದ್ಯಾರ್ಥಿಗಳು ಕೇಳತೊಡಗಿದರು. ಡಾರ್ಟ್‌ಮತ್ ಕಾಲೇಜು 1922ರಲ್ಲಿ ಜಾರಿಗೆ ತಂದ ಆಯ್ಕೆ ಪದ್ಧತಿಯಲ್ಲಿ, ಅರ್ಹತೆಯಿರುವ ಹಳೆಯ ವಿದ್ಯಾರ್ಥಿಗಳ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವುದೆಂದು ಬರಹದಲ್ಲೇ ಹೇಳಿತ್ತು. ಯೇಲ್ 1925ರಲ್ಲಿ ಹೊಸ ಸಂಖ್ಯಾಮಿತಿಯನ್ನು ಸ್ಪಷ್ಟಪಡಿಸುತ್ತ, ಪ್ರವೇಶದ ಅರ್ಹತೆ ಪಡೆದ ಯೇಲ್ ಪದವೀಧರನ ಮಗನಿಗೆ ಈ ಮಿತಿ ಅನ್ವಯಿಸದು ಎಂದು ಸೇರಿಸಿತು. ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿದ್ದ ಹಾಗೆ ಕಾಲೇಜು ಸೀಟೂ ವತನವಾಯಿತು. 1924ರಲ್ಲಿ ಯೇಲ್‌ನ ಹೊಸ ತಂಡದಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳ ಪಾಲು ಶೇ 13ರಷ್ಟಿದ್ದದ್ದು 1930ರ ದಶಕದ ಕೊನೆಗೆ ಮೂರರಲ್ಲೊಂದು ಪಾಲಿನ ಹತ್ತಿರ ಬಂದಿತು. ಪದ್ಧತಿ ಎಷ್ಟು ಹೊಸದೆಂಬುದನ್ನು ಒಂದೇ ಪೀಳಿಗೆಯಲ್ಲಿ ಎಲ್ಲರೂ ಮರೆತರು.

ಆ ಕಾಲದ ಅರ್ಜಿಯೊಂದು ಜಾನ್ ಎಫ್. ಕೆನಡಿ ಗ್ರಂಥಾಲಯದಲ್ಲಿ ಉಳಿದಿದೆ. 1935ರ ಏಪ್ರಿಲ್‌ನಲ್ಲಿ, ಮುಂದೆ ದೇಶದ ಅಧ್ಯಕ್ಷರಾದ ಕೆನಡಿ ಹಾರ್ವರ್ಡ್‌ಗೆ ಬರೆದದ್ದು. ಹಾರ್ವರ್ಡ್‌ಗೇ ಯಾಕೆ ಬರಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಕೈಬರಹದ ಐದು ವಾಕ್ಯ. ಒಳ್ಳೆಯ ಶಿಕ್ಷಣ ಸಿಗುತ್ತದೆ, ಬಹಳ ದಿನದ ಆಸೆ, ಅಪ್ಪ ಓದಿದ ಕಾಲೇಜಿನಲ್ಲೇ ಓದಬೇಕೆಂದಿದೆ, ಹಾರ್ವರ್ಡಿನವನು ಎನಿಸಿಕೊಳ್ಳುವುದು ದೊಡ್ಡ ಗೌರವ. ತಂದೆ ಜೋಸೆಫ್ ಕೆನಡಿ 1912ರ ಪದವೀಧರರು, ಭಾರೀ ಶ್ರೀಮಂತರು. ಅವರೂ ಕಾಲೇಜಿಗೆ ಪತ್ರ ಬರೆದು, ಮಗನಿಗೆ ಇಷ್ಟವಾದ ವಿಷಯಗಳಲ್ಲಿ ತಲೆ ಚುರುಕು, ಇಷ್ಟವಿಲ್ಲದ ಕಡೆ ಉದಾಸೀನ ಎಂದು ಒಪ್ಪಿಕೊಂಡಿದ್ದರು. ಶಾಲೆಯಲ್ಲಿ ಹುಡುಗನ ಸ್ಥಾನ ಅರ್ಧಕ್ಕಿಂತ ಕೆಳಗೆ. ಸೀಟಿಗೇನೂ ತೊಂದರೆಯಾಗಲಿಲ್ಲ. ಕೆನಡಿಯ ಪ್ರಸಂಗಕ್ಕೆ ಒಂದು ವ್ಯಂಗ್ಯವೂ ಇದೆ. ಬಾಸ್ಟನ್ನಿನ ಕುಲೀನರ ಕಣ್ಣಿಗೆ ಕೆನಡಿಗಳಂಥ ಐರಿಷ್ ಕ್ಯಾಥೊಲಿಕರು ಮೊದಲು ಹೊರಗಿನವರೇ. ಒಮ್ಮೆ ಅಪ್ಪ ಒಳಗೆ ಕಾಲಿಟ್ಟ ಮೇಲೆ ಮಗನ ಪಾಲಿಗೆ ಅದು ಮನೆಯ ಕಾಲೇಜು. ಈ ಇತಿಹಾಸದಲ್ಲಿ ಈ ತಿರುವು ಮತ್ತೆ ಮತ್ತೆ ಬರುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅರ್ಜಿಗಳ ಸಂಖ್ಯೆ ಏರಿತು. ಲೊವೆಲ್ ನಂತರ ಹಾರ್ವರ್ಡ್‌ಗೆ ಬಂದ ಜೇಮ್ಸ್ ಬ್ರಯಂಟ್ ಕೊನಂಟ್ 1934ರಿಂದಲೇ ದೂರದ ರಾಜ್ಯಗಳ ಬುದ್ಧಿವಂತ ಹುಡುಗರಿಗೆ ವಿದ್ಯಾರ್ಥಿವೇತನ ಕೊಡಲು ಎಸ್‌ಎಟಿ ಎಂಬ ಸಾಮರ್ಥ್ಯ ಪರೀಕ್ಷೆಯನ್ನು ಬಳಸಿದ್ದರು. ಯುದ್ಧ ಮುಗಿದ ಮೇಲೆ ಅದು ಎಲ್ಲೆಡೆ ಹಬ್ಬಿತು. ಆದರೂ ಹಳೆಯ ಕುಟುಂಬಗಳ ಹಿಡಿತ ನಿಜಕ್ಕೂ ಅಲುಗಿದ್ದು 1960ರ ದಶಕದಲ್ಲಿ, ಯೇಲ್‌ನಲ್ಲಿ. ಅಧ್ಯಕ್ಷ ಕಿಂಗ್‌ಮನ್ ಬ್ರೂಸ್ಟರ್ 1965ರಲ್ಲಿ ಪ್ರವೇಶ ವಿಭಾಗವನ್ನು ಇನ್ಸ್ಲಿ ಕ್ಲಾರ್ಕ್ ಎಂಬ ಯುವ ಅಧಿಕಾರಿಯ ಕೈಗೆ ಕೊಟ್ಟರು. ಕ್ಲಾರ್ಕ್ ಹಳೆಯ ಸಿಬ್ಬಂದಿಯನ್ನು ಬಹುಪಾಲು ಬದಲಿಸಿದರು. ತಮ್ಮವರನ್ನು ಹಿಂದೆ ಯಾರೂ ತಲೆಹಾಕದ ಸರ್ಕಾರಿ ಶಾಲೆಗಳಿಗೆ ಕಳಿಸಿದರು. ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡದೆ ಆಯ್ಕೆ ಮಾಡಿ, ಆಮೇಲೆ ನೆರವು ಕೊಡುವ ಪದ್ಧತಿ ಬಂತು. ಲೆಗಸಿ ವಿದ್ಯಾರ್ಥಿಗಳ ಪಾಲು ಕುಸಿಯಿತು.

ತಮ್ಮನ್ನು ಆಡಳಿತ ಮಂಡಳಿಯ ಮುಂದೆ ಕರೆಸಿದಾಗ ನಡೆದದ್ದನ್ನು ಕ್ಲಾರ್ಕ್ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಹೊಸ ಕಾಲದ ನಾಯಕರು ಬೇರೆ ಬೇರೆ ಮೂಲಗಳಿಂದ ಬರುತ್ತಾರೆಂದು ವಿವರಿಸುತ್ತಿದ್ದರು. ಸದಸ್ಯರೊಬ್ಬರು ತಡೆದು, ಈ ಮೇಜಿನ ಸುತ್ತ ಕೂತವರನ್ನು ನೋಡಿ, ದೇಶದ ನಾಯಕರು ಇವರು, ಇಲ್ಲಿ ಯಹೂದಿಗಳಿಲ್ಲ, ಸರ್ಕಾರಿ ಶಾಲೆಯವರೂ ಇಲ್ಲ ಎಂಬರ್ಥದ ಮಾತಾಡಿದರಂತೆ. 

ಹಳೆಯ ವಿದ್ಯಾರ್ಥಿಗಳ ಅಸಮಾಧಾನ ಬಹಿರಂಗಕ್ಕೂ ಬಂತು. ಬಲಪಂಥೀಯ ಪತ್ರಕರ್ತ ವಿಲಿಯಂ ಎಫ್. ಬಕ್ಲಿ ಆಡಳಿತ ಮಂಡಳಿಯ ಚುನಾವಣೆಗೆ ನಿಂತರು. ಎಲ್ ಪಾಸೊ ಊರಿನ ಸರ್ಕಾರಿ ಶಾಲೆಯ ಮೆಕ್ಸಿಕನ್ ಮೂಲದ ಹುಡುಗನಿಗೂ ಸೇಂಟ್ ಪಾಲ್ಸ್ ಎಂಬ ಹಣವಂತರ ವಸತಿಶಾಲೆಯಿಂದ ಬಂದ ಜೊನಾಥನ್ ಎಡ್ವರ್ಡ್ಸ್ ಮನೆತನದ ಹದಿನಾರನೆಯ ಕುಡಿಗೂ ಅಂಕ ಸಮವಾಗಿದ್ದರೆ, ಈಗ ಸೀಟು ಮೊದಲಿನವನಿಗೆ ಹೋಗುತ್ತದೆ ಎಂಬುದು ಅವರ ದೂರು. ಎಡ್ವರ್ಡ್ಸ್ ಹದಿನೆಂಟನೆಯ ಶತಮಾನದ ಪ್ರಸಿದ್ಧ ಪಾದ್ರಿ, ಯೇಲ್ ಪದವೀಧರ. 1968ರ ಚುನಾವಣೆಯಲ್ಲಿ ಬಕ್ಲಿ ಸೋತರು. ಗೆದ್ದವರು ಮುಂದೆ ವಿದೇಶಾಂಗ ಕಾರ್ಯದರ್ಶಿಯಾದ ಸೈರಸ್ ವ್ಯಾನ್ಸ್. ಮತಪೆಟ್ಟಿಗೆಯಲ್ಲಿ ಸೋತ ಅಸಮಾಧಾನ ದೇಣಿಗೆಯ ಚೆಕ್ಕಿನಲ್ಲಿ ಗೆದ್ದಿತೆನ್ನಬೇಕು. ಕ್ಲಾರ್ಕ್ 1970ರಲ್ಲಿ ಹುದ್ದೆ ಬಿಟ್ಟರು. ಹಣದ ಮುಗ್ಗಟ್ಟಿನ ಆ ದಶಕದಲ್ಲಿ ಯೇಲ್ ಹಳೆಯ ಕುಟುಂಬಗಳ ಜೊತೆ ಮತ್ತೆ ರಾಜಿಗೆ ಬಂತು. ಕ್ಲಾರ್ಕ್ ಬರುವುದಕ್ಕೆ ಒಂದು ವರ್ಷ ಮುಂಚೆ, 1964ರಲ್ಲಿ, ಯೇಲ್ ಸೇರಿದವರಲ್ಲಿ ಮುಂದೆ ದೇಶದ ಅಧ್ಯಕ್ಷರಾದ ಜಾರ್ಜ್ ಡಬ್ಲ್ಯು. ಬುಷ್ ಒಬ್ಬರು. ತಂದೆ ಅಲ್ಲಿನ ಪದವೀಧರ; ತಾತ ಪ್ರೆಸ್ಕಾಟ್ ಬುಷ್ ಪದವೀಧರರಷ್ಟೇ ಅಲ್ಲ, ಆಡಳಿತ ಮಂಡಳಿಯಲ್ಲಿದ್ದವರು.

ನ್ಯಾಯಾಲಯಗಳು ಈ ಗೊಡವೆಗೆ ಹೋಗಲು ಹಿಂಜರಿದವು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದ ನ್ಯೂಯಾರ್ಕಿನ ವಿದ್ಯಾರ್ಥಿನಿಯೊಬ್ಬರು ಹೊರರಾಜ್ಯದ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಿದ್ದ ಆದ್ಯತೆಯನ್ನೂ ಪ್ರಶ್ನಿಸಿದ್ದರು. 1976ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ, ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ, ಆದ್ದರಿಂದ ಆದ್ಯತೆಗೆ ಕಾರಣವಿದೆ ಎಂದು ಆ ವಾದವನ್ನು ಚುಟುಕಾಗಿ ಮುಗಿಸಿತು. ಎರಡು ವರ್ಷದ ನಂತರ ಬಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಪ್ಪು ಮತ್ತಿತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೊಡುವ ಆದ್ಯತೆಯನ್ನು ಉದ್ದಕ್ಕೂ ಜಾಲಾಡಿತು. ಕಾಲೇಜುಗಳು ಹಳೆಯ ವಿದ್ಯಾರ್ಥಿಗಳ, ಸಿರಿವಂತರ, ಹೆಸರುವಾಸಿಗಳ ಮಕ್ಕಳಿಗೂ ದಾರಿ ಬಿಡುತ್ತವಲ್ಲ ಎಂದು ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ನೆನಪಿಸಿದರು. ಅದು ವಾದದ ನಡುವೆ ಬಂದು ಹೋದ ಮಾತಾಗಿಯೇ ಉಳಿಯಿತು. ಒಂದು ಬಗೆಯ ಆದ್ಯತೆಗೆ ಸಂವಿಧಾನದ ಅಗ್ನಿಪರೀಕ್ಷೆ, ಇನ್ನೊಂದಕ್ಕೆ ಮುಲಾಜು. ಮುಂದಿನ ನಲವತ್ತೈದು ವರ್ಷದ ಕಹಿಯೆಲ್ಲ ಈ ತಾರತಮ್ಯದಿಂದ ಬಂದದ್ದು.

1980ರ ದಶಕದಲ್ಲಿ ಹೊಸ ದೂರುದಾರರು ಬಂದರು. 1965ರ ವಲಸೆ ಕಾಯ್ದೆಯ ನಂತರ ಅಮೆರಿಕಕ್ಕೆ ಬಂದ ಏಷ್ಯಾದ ಕುಟುಂಬಗಳ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದರು. ಅಂಕಗಳು ಚೆನ್ನಾಗಿದ್ದರೂ ಹಾರ್ವರ್ಡ್‌ನಲ್ಲಿ ಅವರಿಗೆ ಸೀಟು ಸಿಗುವ ಪ್ರಮಾಣ ಬಿಳಿಯರಿಗಿಂತ ಕಡಿಮೆ ಇತ್ತು. ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ತನಿಖೆ ನಡೆಸಿ 1990ರಲ್ಲಿ ವರದಿ ಕೊಟ್ಟಿತು. ವ್ಯತ್ಯಾಸ ನಿಜ, ಆದರೆ ಅದಕ್ಕೆ ಕಾರಣ ಜನಾಂಗಭೇದವಲ್ಲ, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೂ ಕ್ರೀಡಾಪಟುಗಳಿಗೂ ಕೊಡುವ ಆದ್ಯತೆ, ಅದು ಕಾನೂನಿಗೆ ವಿರುದ್ಧವಲ್ಲ ಎಂಬುದು ತೀರ್ಮಾನ. ಕಡತಗಳನ್ನು ಓದಿದವರು ಮನೆತನದ ನಂಟಿನ ಬಗ್ಗೆ ಬರೆದ ಷರಾಗಳೂ ಆಗ ಹೊರಬಿದ್ದವು. ದೂರು ಕೊಟ್ಟವರಿಗೆ ಇದು ಸಮಾಧಾನ ತರುವ ಉತ್ತರವೇನಲ್ಲ. ನಿಮ್ಮನ್ನು ಏಷ್ಯಾದವರೆಂದು ಬಿಡಲಿಲ್ಲ, ನಿಮ್ಮ ಅಪ್ಪ ಇಲ್ಲಿ ಓದಿಲ್ಲವೆಂದು ಬಿಟ್ಟದ್ದು ಎಂದರೆ, ಅಪ್ಪ ಅಲ್ಲಿ ಓದಲು ಸಾಧ್ಯವಿತ್ತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅಮೆರಿಕದ ಕನ್ನಡ ಕುಟುಂಬಗಳಿಗೂ ಈ ಮಾತು ತಟ್ಟುತ್ತದೆ. ಸುರತ್ಕಲ್ಲಿನಲ್ಲೋ ಬೆಂಗಳೂರಿನಲ್ಲೋ ಬಿಇ ಮುಗಿಸಿ ಎಂಎಸ್ ಮಾಡಲು ಅಲ್ಲಿಗೆ ಹೋದ ಪೀಳಿಗೆಗೆ ಅಮೆರಿಕದ ಸ್ನಾತಕೋತ್ತರ ಪದವಿ ಇದ್ದರೂ, ಹಾರ್ವರ್ಡ್‌ನಂಥ ಕಡೆ ಲೆಕ್ಕಕ್ಕೆ ಬರುವುದು ಅಲ್ಲಿನದೇ ಮೊದಲ ಪದವಿಯ ನಂಟು.

ಈ ನಡುವೆ ಸಮರ್ಥನೆಯ ಧಾಟಿಯೂ ಬದಲಾಗುತ್ತ ಬಂತು. 1920ರ ದಶಕದಲ್ಲಿ ಚಾರಿತ್ರ್ಯ, 1970ರ ದಶಕದಲ್ಲಿ ದೇಣಿಗೆ, 2000ದ ನಂತರ ‘ಸಮುದಾಯ’. ಖಾಸಗಿ ಸಂಸ್ಥೆ ಒಂದು ಸಮುದಾಯ, ಲೆಗಸಿ ಪ್ರವೇಶ ಅದರ ಅವಿಭಾಜ್ಯ ಅಂಗ ಎಂದು ಹಾರ್ವರ್ಡ್‌ನ ಅಧ್ಯಕ್ಷ ಲ್ಯಾರಿ ಸಮರ್ಸ್ 2004ರಲ್ಲಿ ವಾದಿಸಿದರು. ಅದೇ ವರ್ಷ ಪತ್ರಕರ್ತ ಡೇನಿಯಲ್ ಗೋಲ್ಡನ್‌ಗೆ ಪ್ರವೇಶಾತಿಯ ವಶೀಲಿಗಳನ್ನು ಕುರಿತ ‘ವಾಲ್ ಸ್ಟ್ರೀಟ್ ಜರ್ನಲ್’ ವರದಿಗಳಿಗಾಗಿ ಪುಲಿಟ್ಜರ್ ಬಂತು. 2006ರ ತಮ್ಮ ಪುಸ್ತಕದಲ್ಲಿ ಅವರು, ರಿಯಲ್ ಎಸ್ಟೇಟ್ ಉದ್ಯಮಿ ಚಾರ್ಲ್ಸ್ ಕುಶ್ನರ್ 1998ರಲ್ಲಿ ಹಾರ್ವರ್ಡ್‌ಗೆ 25 ಲಕ್ಷ ಡಾಲರ್ ಕೊಡುವುದಾಗಿ ಹೇಳಿದ್ದನ್ನೂ, ಅದರ ಬೆನ್ನಿಗೇ ಮಗ ಜಾರೆಡ್‌ಗೆ ಅಲ್ಲಿ ಸೀಟು ಸಿಕ್ಕಿದ್ದನ್ನೂ ಬರೆದರು. ದೇಣಿಗೆಗೂ ಸೀಟಿಗೂ ಸಂಬಂಧವಿಲ್ಲ ಎಂಬುದು ಕುಶ್ನರ್ ಸಂಸ್ಥೆಯ ನಿಲುವು.

ಲೆಗಸಿಗೆ ದೊಡ್ಡದೊಂದು ಹಿನ್ನಡೆ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಆಯಿತು. ಟೆಕ್ಸಾಸ್ ಎ ಅಂಡ್ ಎಂ ಅಧ್ಯಕ್ಷರಾಗಿದ್ದ ರಾಬರ್ಟ್ ಗೇಟ್ಸ್, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದಿಲ್ಲ, ಮೆರಿಟ್ಟೇ ಮುಖ್ಯ ಎಂದು 2003ರ ಕೊನೆಗೆ ಘೋಷಿಸಿದರು. ಹಾಗಾದರೆ ಅಪ್ಪನ ಹೆಸರಿಗೆ ಕೊಡುವ ಅಂಕ ಯಾವ ಮೆರಿಟ್ ಎಂದು ಕಪ್ಪು ಮತ್ತು ಲ್ಯಾಟಿನೊ ಶಾಸಕರು ತಿರುಗಿಬಿದ್ದರು. ಮುಂದಿನ ಜನವರಿಯಲ್ಲೇ ಲೆಗಸಿ ಅಂಕ ರದ್ದಾಯಿತು. ಅದೇ ವರ್ಷ ಚುನಾವಣೆಗೆ ಮುಂಚೆ ಅಧ್ಯಕ್ಷ ಬುಷ್ ಅವರನ್ನು ಪತ್ರಕರ್ತರು ಕೇಳಿದಾಗ, ಇಂಥ ಆದ್ಯತೆ ಇರಬಾರದು ಎಂದೇ ಅವರೂ ಒಪ್ಪಿದರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 2014ರಲ್ಲಿ ಸದ್ದಿಲ್ಲದೆ ಪದ್ಧತಿ ಕೈಬಿಟ್ಟು 2020ರಲ್ಲಿ ಅದನ್ನು ಪ್ರಕಟಿಸಿತು. 2009ರಲ್ಲಿ ಹೊಸ ತಂಡದ ಶೇ 12.5ರಷ್ಟಿದ್ದ ಲೆಗಸಿ ವಿದ್ಯಾರ್ಥಿಗಳು 2019ಕ್ಕೆ ಶೇ 3.5ಕ್ಕೆ ಇಳಿದಿದ್ದರು, ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ಪೆಲ್ ನೆರವಿಗೆ ಅರ್ಹರಾದವರ ಪಾಲು ಶೇ 9ರಿಂದ 19ಕ್ಕೆ ಏರಿತ್ತು. ದೇಣಿಗೆ ನಿಂತುಹೋದೀತೆಂಬ ಭಯ ಹುಸಿಯಾಯಿತು. ಆಮರ್ಸ್ಟ್ ಕಾಲೇಜು 2021ರಲ್ಲಿ ಅದೇ ದಾರಿ ಹಿಡಿಯಿತು. ಎಂಐಟಿ ಮತ್ತು ಕ್ಯಾಲ್‌ಟೆಕ್ ಈ ಆದ್ಯತೆಯಿಲ್ಲದೆಯೇ ನಡೆದುಕೊಂಡು ಬಂದಿದ್ದವು.

ಹಾರ್ವರ್ಡ್‌ನ ಕಡತಗಳು ಪೂರ್ತಿ ತೆರೆದುಕೊಂಡದ್ದು ಬೇರೊಂದು ಜಗಳದ ನಡುವೆ. ಏಷ್ಯಾ ಮೂಲದವರಿಗೆ ಅನ್ಯಾಯವಾಗುತ್ತಿದೆ ಎಂದು 2014ರಲ್ಲಿ ಹೂಡಿದ ಮೊಕದ್ದಮೆಯ ವಿಚಾರಣೆ 2018ರಲ್ಲಿ ಬಾಸ್ಟನ್ನಿನಲ್ಲಿ ನಡೆಯಿತು. ಆರು ವರ್ಷಗಳ ಅಂಕಿಅಂಶ ನ್ಯಾಯಾಲಯದ ಮುಂದೆ ಬಂತು. ಲೆಗಸಿ ಅರ್ಜಿದಾರರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸೀಟು. ಉಳಿದವರಲ್ಲಿ ನೂರಕ್ಕೆ ಆರು. ಕ್ರೀಡಾಪಟುಗಳು, ಲೆಗಸಿಗಳು, ಡೀನ್ ಅವರ ವಿಶೇಷ ಪಟ್ಟಿಯವರು, ಸಿಬ್ಬಂದಿಯ ಮಕ್ಕಳು ಇಷ್ಟು ಜನರನ್ನು ಸೇರಿಸಿದರೆ ಪ್ರವೇಶ ಪಡೆದ ಬಿಳಿಯರಲ್ಲಿ ಶೇ 43ಕ್ಕೂ ಹೆಚ್ಚು ಇವರೇ ಎಂದು ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಕಪ್ಪು, ಲ್ಯಾಟಿನೊ ಮತ್ತು ಏಷ್ಯನ್ ಗುಂಪುಗಳಲ್ಲಿ ಆ ಪಾಲು ಶೇ 16ರೊಳಗೆ. ಆರ್ಸಿಡಿಯಾಕೊನೊ ಮೊಕದ್ದಮೆ ಹೂಡಿದವರ ಪರ ತಜ್ಞ ಸಾಕ್ಷಿ. ಜನಾಂಗ ಆಧಾರಿತ ಆದ್ಯತೆಯನ್ನು ಕೆಡವಲು ತೆಗೆದ ಅಂಕಿಗಳು ವಂಶದ ಆದ್ಯತೆಯನ್ನೂ ಬಯಲಿಗೆ ತಂದವು.

2023ರ ಜೂನ್ 29ರಂದು ಸುಪ್ರೀಂ ಕೋರ್ಟು ಜನಾಂಗ ನೋಡಿ ಪ್ರವೇಶ ಕೊಡುವುದನ್ನು ರದ್ದು ಮಾಡಿತು. ಬಹುಮತದ ಪರವಿದ್ದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಕೂಡ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮಕ್ಕಳಿಗೆ ಸಿಗುವ ಸವಲತ್ತನ್ನು ಕುಟುಕಿದರು. ನಾಲ್ಕು ದಿನದ ಬಳಿಕ ಬಾಸ್ಟನ್ ಭಾಗದ ಕಪ್ಪು ಮತ್ತು ಲ್ಯಾಟಿನೊ ಸಂಘಟನೆಗಳ ಪರವಾಗಿ ಹಾರ್ವರ್ಡ್ ವಿರುದ್ಧ ಲೆಗಸಿ ಕುರಿತು ದೂರು ದಾಖಲಾಯಿತು. ಅದೇ ತಿಂಗಳು ಶಿಕ್ಷಣ ಇಲಾಖೆ ತನಿಖೆ ಆರಂಭಿಸಿತು. ಜುಲೈನಲ್ಲೇ ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಹೋದ್ಯೋಗಿಗಳ ಅಧ್ಯಯನ ಬಂತು. ಪರೀಕ್ಷೆಯಲ್ಲಿ ಅಂಕ ಸಮವಿದ್ದಾಗಲೂ, ಅತಿ ಸಿರಿವಂತ ಶೇ 1ರ ಕುಟುಂಬಗಳ ಮಕ್ಕಳು ಅತ್ಯುನ್ನತ ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಮೀರಿದ್ದು, ಅದಕ್ಕೆ ಲೆಗಸಿಯೇ ದೊಡ್ಡ ಕಾರಣಗಳಲ್ಲೊಂದು ಎಂದು ಅದು ತೋರಿಸಿತು. ವಿರೋಧ ಆ ಹೊತ್ತಿಗೆ ಒಂದು ಪಕ್ಷದ್ದಾಗಿ ಉಳಿದಿರಲಿಲ್ಲ. 2022ರ ಪ್ಯೂ ಸಮೀಕ್ಷೆಯಲ್ಲಿ ಶೇ 75 ಅಮೆರಿಕನ್ನರು ಪ್ರವೇಶಕ್ಕೆ ಇದು ಮಾನದಂಡವಾಗಬಾರದೆಂದಿದ್ದರು. ಆದರೆ ಒಂದು ಕಸಿವಿಸಿಯೂ ಜೊತೆಗಿತ್ತು. ಹಿಂದೆ ಹೊರಗಿದ್ದ ಸಮುದಾಯಗಳ ಪದವೀಧರರ ಮಕ್ಕಳು ಲೆಗಸಿ ಎನಿಸಿಕೊಳ್ಳುವ ವಯಸ್ಸಿಗೆ ಬರುತ್ತಿರುವಾಗಲೇ ಬಾಗಿಲು ಮುಚ್ಚುವುದೇ ಎಂದು ಕೆಲವು ಕಪ್ಪು ಪದವೀಧರರು ಕೇಳಿದರು.

ಕಾನೂನು ರಾಜ್ಯಗಳಿಂದ ಬಂತು. ಕೊಲೊರಾಡೊ 2021ರಲ್ಲೇ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಲೆಗಸಿ ನಿಷೇಧಿಸಿತ್ತು. 2024ರಲ್ಲಿ ವರ್ಜೀನಿಯಾ ಮತ್ತು ಇಲಿನಾಯ್ ಅದನ್ನು ಅನುಸರಿಸಿದವು. ಮೇರಿಲ್ಯಾಂಡ್ ಖಾಸಗಿ ಕಾಲೇಜುಗಳನ್ನೂ ಸೇರಿಸಿತು. ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಅದೇ ವರ್ಷದ ಸೆಪ್ಟೆಂಬರ್ 30ರಂದು ಸಹಿ ಹಾಕಿದ ಕಾಯ್ದೆ ಸ್ಟ್ಯಾನ್‌ಫರ್ಡ್‌ನಂಥ ಖಾಸಗಿ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಉಲ್ಲಂಘಿಸಿದ ಸಂಸ್ಥೆಗೆ ದಂಡವಿಲ್ಲ, ಅದರ ಹೆಸರನ್ನು ರಾಜ್ಯದ ನ್ಯಾಯ ಇಲಾಖೆ ಪ್ರಕಟಿಸುತ್ತದೆ, ಅಷ್ಟೆ. ಸ್ಟ್ಯಾನ್‌ಫರ್ಡ್ 2025ರಲ್ಲಿ ಲೆಗಸಿಯನ್ನು ಸದ್ಯಕ್ಕೆ ಮುಂದುವರಿಸುವುದಾಗಿ ತಿಳಿಸಿ, ರಾಜ್ಯ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ ‘ಕ್ಯಾಲ್ ಗ್ರಾಂಟ್’ ಯೋಜನೆಯಿಂದ ಹಿಂದೆ ಸರಿಯಿತು. ಆ ಹಣದ ಜಾಗವನ್ನು ತನ್ನದೇ ವಿದ್ಯಾರ್ಥಿವೇತನದಿಂದ ತುಂಬುವುದಾಗಿ ಹೇಳಿತು.